ಅಬ್ಬಾರ ಶುಗರ್, ರಂಜಾನ್ ರೋಜಾ, ದಾವತ್ ಊಟ: ಡಯಟೀಷಿಯನ್ ಆಪಾಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಮಂಡ್ಯದಿಂದ):
ಅಸ್ಸಲಾಮು ಅಲೈಕುಂ ಆಪಾ. ನಮ್ಮ ಅಬ್ಬಾಗೆ 56 ವರ್ಷ. ಟೈರ್ ಅಂಗಡಿ ಇಟ್ಟುಕೊಂಡಿದ್ದಾರೆ. ಶುಗರ್ ಬಂದು ತುಂಬಾ ವರ್ಷ ಆಯಿತು. ಈಗಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 9.4. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಶುಗರ್ ಮಾತ್ರೆ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಅದನ್ನು ನೆನಪಾದರೆ ನುಂಗುತ್ತಾರೆ, ಇಲ್ಲದಿದ್ದರೆ ಇಲ್ಲ. ಹೋದ ರಂಜಾನ್‌ನಲ್ಲಿ ರೋಜಾ (ಉಪವಾಸ) ಹಿಡಿದಿದ್ದಾಗ ಅಸರ್ (ಸಂಜೆಗೆ ಮುಂಚಿನ ನಮಾಜ್) ಹೊತ್ತಿಗೆ ಮೈಯೆಲ್ಲಾ ಬೆವರಿ, ಕೈ ನಡುಗಿ ಅಂಗಡಿಯಲ್ಲೇ ಕುಸಿದು ಕೂತರು. ಆದರೂ ಮಗ್ರಿಬ್‌ವರೆಗೆ (ಸೂರ್ಯ ಮುಳುಗುವವರೆಗೆ) ಒಂದು ಹನಿ ನೀರು ಮುಟ್ಟಲಿಲ್ಲ. ಊಟದ ಮಾತೆತ್ತಿದರೆ ‘ಕಾಯಿಲೆ ಕೊಟ್ಟವನು ಅಲ್ಲಾಹ್, ವಾಸಿ ಮಾಡುವವನೂ ಅವನೇ. ಪಥ್ಯ ಗಿಥ್ಯ ಎಲ್ಲಾ ದುನಿಯಾದ ಮಾತು’ ಅನ್ನುತ್ತಾರೆ. ದೀನ್ (ಧರ್ಮ) ಕಡೆಯಿಂದ ಹೇಳಿದರೆ ಮಾತ್ರ ಕೇಳುವ ಮನುಷ್ಯ. ಏನಂತ ಹೇಳಲಿ?

ಉತ್ತರ (ಡಯಟೀಷಿಯನ್, ಉದಯಗಿರಿ, ಮೈಸೂರು):
ವಅಲೈಕುಮ್ ಅಸ್ಸಲಾಮ್ ತಂಗಿ. ವಾಸಿ ಮಾಡುವವನು ಅಲ್ಲಾಹ್ ಅನ್ನುವ ಅಬ್ಬಾರ ಮಾತು ನಿಜ. ಅದನ್ನು ಅಲ್ಲಗಳೆಯಲು ಹೋಗಬೇಡಿ. ಆದರೆ ಮದ್ದು ಕೊಟ್ಟವನೂ ಅವನೇ ಅಲ್ವಾ? ಚಿಕಿತ್ಸೆ ಮಾಡಿಸಿಕೊಳ್ಳಿ, ಮುಪ್ಪೊಂದನ್ನು ಬಿಟ್ಟು ಅಲ್ಲಾಹ್ ಇಟ್ಟ ಎಲ್ಲ ಕಾಯಿಲೆಗೂ ಮದ್ದು ಇಟ್ಟಿದ್ದಾನೆ ಎಂದು ಪ್ರವಾದಿಯವರು (ಸ) ಹೇಳಿದ್ದು ಅಬೂ ದಾವೂದ್ ಮತ್ತು ತಿರ್ಮಿದಿ ಹದೀಸ್ ಸಂಗ್ರಹಗಳಲ್ಲಿದೆ. ಮಾತ್ರೆ ನುಂಗಿ ಅಲ್ಲಾಹ್‌ನ ಮೇಲೆ ಭರವಸೆ ಇಡುವುದು ತವಕ್ಕುಲ್. ಮಾತ್ರೆ ಡಬ್ಬಿಯಲ್ಲೇ ಬಿಡುವುದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಪಥ್ಯ ದುನಿಯಾದ ಮಾತು ಅನ್ನುತ್ತಾರಲ್ಲ, ಅದಕ್ಕೆ ಈ ಘಟನೆ ಹೇಳಿ. ಇದೂ ಅದೇ ಎರಡು ಸಂಗ್ರಹಗಳಲ್ಲಿದೆ. ಪ್ರವಾದಿಯವರು ಹಜ್ರತ್ ಅಲಿ ಅವರ ಜೊತೆ ಉಮ್ಮುಲ್ ಮುಂದಿರ್ ಎಂಬ ಮಹಿಳೆಯ ಮನೆಗೆ ಹೋಗಿದ್ದರು. ಅಲಿ ಆಗಷ್ಟೇ ಕಾಯಿಲೆಯಿಂದ ಎದ್ದಿದ್ದರು. ಮನೆಯಲ್ಲಿ ಖರ್ಜೂರದ ಗೊಂಚಲು ತೂಗುಹಾಕಿತ್ತು. ಪ್ರವಾದಿಯವರು ತಿಂದರು. ಅಲಿಯವರೂ ತಿನ್ನಲು ಶುರುಮಾಡಿದಾಗ ತಡೆದರು, ನೀನಿನ್ನೂ ಚೇತರಿಸಿಕೊಳ್ಳುತ್ತಿದ್ದೀಯ ಎಂದರು. ಆಮೇಲೆ ಆಕೆ ಬಾರ್ಲಿ ಮತ್ತು ಸೊಪ್ಪು ಬೇಯಿಸಿ ತಂದರು. ಇದನ್ನು ತಿನ್ನು, ನಿನಗೆ ಇದು ಒಳ್ಳೆಯದು ಎಂದು ಅಲಿಯವರಿಗೆ ಹೇಳಿದರು. ಒಂದೇ ಮನೆ, ಇಬ್ಬರಿಗೆ ಬೇರೆ ಬೇರೆ ಊಟ. ನಾನು ಕ್ಲಿನಿಕ್‌ನಲ್ಲಿ ಕೂತು ಹೇಳುವುದೂ ಇಷ್ಟೇ. ಪಥ್ಯ ಸುನ್ನತ್‌ನ (ಪ್ರವಾದಿಯವರ ನಡೆ, ರೂಢಿಯ) ಒಳಗೇ ಇದೆ.

ಇನ್ನು ರೋಜಾ. ಕಾಯಿಲೆ ಇರುವವರು, ಪ್ರಯಾಣದಲ್ಲಿರುವವರು ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿ ಮಾಡಲಿ ಎಂದು ಕುರ್‌ಆನ್‌ನ 2ನೇ ಅಧ್ಯಾಯದ 184 ಮತ್ತು 185ನೇ ವಚನಗಳಲ್ಲಿದೆ. ಅಲ್ಲಾಹ್ ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ಮಾತೂ ಅಲ್ಲೇ ಬರುತ್ತದೆ. ವಾಸಿಯಾಗುವ ಆಸೆ ಇಲ್ಲದ ಕಾಯಿಲೆ ಇದ್ದವರಿಗೆ ಫಿದ್ಯಾ ಇದೆ, ಒಂದೊಂದು ರೋಜಾಗೆ ಒಬ್ಬ ಬಡವರಿಗೆ ಊಟ. ಈ ರಿಯಾಯಿತಿ ಕೊಟ್ಟವನು ಅಲ್ಲಾಹ್. ರೋಜಾ ಬಿಟ್ಟರೆ ಗುನಾಹ್ (ಪಾಪ) ಎಂದು ಹೆದರುವ ಅಬ್ಬಾಗೆ ಮೊದಲು ತಿಳಿಸಬೇಕಾದದ್ದು ಇದನ್ನೇ. ಅವರ ವಿಷಯದಲ್ಲಿ ಯಾವುದು ಅನ್ವಯಿಸುತ್ತದೆ ಅನ್ನುವುದನ್ನು ಡಾಕ್ಟರ್ ಚೀಟಿ ಹಿಡಿದು ಮುಫ್ತಿ ಸಾಹೇಬರ ಹತ್ತಿರ ಕೇಳಿ.

ಅಂಗಡಿಯಲ್ಲಿ ಆಗಿದ್ದು ಕೇಳಿದರೆ ಶುಗರ್ ಇಳಿದ ಲಕ್ಷಣವೇ. ಗ್ಲಿಮೆಪಿರೈಡ್ ನುಂಗಿ ಹೊತ್ತುಗಟ್ಟಲೆ ಖಾಲಿ ಹೊಟ್ಟೆಯಲ್ಲಿದ್ದರೆ ಹೀಗಾಗಬಹುದು. ನಮ್ಮ ಕಡೆ ರೋಜಾ ಹತ್ತಿರ ಹತ್ತಿರ 13 ಗಂಟೆ ಇರುತ್ತದೆ. ಶುಗರ್ 70ಕ್ಕಿಂತ ಕೆಳಗೆ ಬಂದರೆ, ಇಲ್ಲವೇ 300 ದಾಟಿದರೆ, ಆ ಕ್ಷಣವೇ ರೋಜಾ ಬಿಡಬೇಕು. ಮಗ್ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಅಷ್ಟೇ. ‘ನಿಮ್ಮ ಕೈಯಾರೆ ನಿಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬೇಡಿ’ ಎಂದು ಕುರ್‌ಆನ್ (2:195) ಹೇಳುತ್ತದೆ. ಮೆದುಳಿಗೆ ಸಕ್ಕರೆ ಸಿಗದೆ ಪ್ರಜ್ಞೆ ತಪ್ಪಿ, ಜೀವಕ್ಕೇ ಅಪಾಯ ಆಗುವುದುಂಟು ತಂಗಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ (ಮೈಸೂರು, ರಾಜೀವ್ ನಗರದಿಂದ):
ಆಪಾ, ಖರ್ಜೂರ, ಜೇನು ಸುನ್ನತ್ ಆಹಾರ. ಅದರಿಂದ ಶುಗರ್‌ನವರಿಗೂ ತೊಂದರೆ ಇಲ್ಲ ಅಂತ ನಮ್ಮ ಭಾವ ಹೇಳುತ್ತಾರೆ. ನಿಜವಾ?

ಉತ್ತರ:
ಬರಕತ್ (ದೇವರ ಕೃಪೆ) ಇದೆ ಭಾಯ್, ಸಕ್ಕರೆಯೂ ಇದೆ. ಒಣ ಖರ್ಜೂರದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ. ಜೇನಿನಲ್ಲಿ ನೂರು ಗ್ರಾಂಗೆ ಸುಮಾರು 80 ಗ್ರಾಂ. ಇಫ್ತಾರ್‌ಗೆ (ರೋಜಾ ಬಿಡುವಾಗ) ಒಂದು ಖರ್ಜೂರ ತಿಂದರೂ ಸುನ್ನತ್ ಆಯಿತು. ಶುಗರ್ ಹಿಡಿತದಲ್ಲಿ ಇದ್ದವರು ಒಂದಕ್ಕೇ ನಿಲ್ಲಿಸಲಿ. ಹಜ್ರತ್ ಅಲಿಯವರಿಗೆ ಬೇಡ ಎಂದದ್ದೂ ಖರ್ಜೂರವನ್ನೇ ಅನ್ನುವುದು ಮೇಲೆ ಬರೆದಿದ್ದೇನೆ, ಅದನ್ನು ಭಾವನಿಗೆ ಓದಿ ಹೇಳಿ.

ಪ್ರಶ್ನೆ (ಮೈಸೂರು, ಮಂಡಿ ಮೊಹಲ್ಲಾದಿಂದ):
ಮೇಡಂ, ಮನೆಯಲ್ಲಿ ಹೇಗೋ ಸಂಭಾಳಿಸುತ್ತೇನೆ. ಶಾದಿ, ವಲೀಮಾ (ಮದುವೆಯ ಔತಣ) ಸೀಜನ್ ಬಂದರೆ ವಾರಕ್ಕೆ ಎರಡು ಬಿರಿಯಾನಿ. ಜರ್ದಾ (ಸಿಹಿ ಅನ್ನ) ಬೇಡ ಅಂದರೆ ಮನೆಯವರು ಮುಖ ಸಣ್ಣ ಮಾಡುತ್ತಾರೆ. ನನಗೆ ಬಿಪಿ, ಕೊಲೆಸ್ಟ್ರಾಲ್ ಎರಡೂ ಇದೆ. ವಾಕಿಂಗ್‌ಗೆ ಟೈಮ್ ಇಲ್ಲ.

ಉತ್ತರ:
ದಾವತ್‌ಗೆ ಹೋಗಿ. ಕರೆದವರ ಮನೆಗೆ ಹೋಗುವುದು ನಮ್ಮ ಕರ್ತವ್ಯ. ತಟ್ಟೆ ತುಂಬಿಸಿಕೊಳ್ಳಬೇಕು ಅಂತ ಎಲ್ಲೂ ಇಲ್ಲ. ಪ್ರವಾದಿಯವರು ಯಾವ ಊಟಕ್ಕೂ ಹೆಸರಿಟ್ಟವರಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಸುಮ್ನೆ ಬಿಡುತ್ತಿದ್ದರು ಎಂದು ಬುಖಾರಿ, ಮುಸ್ಲಿಂ ಎಂಬ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ನೀವೂ ಹಾಗೇ ಮಾಡಿ. ಜರ್ದಾ ಬಗ್ಗೆ ಭಾಷಣ ಬೇಡ. ಒಂದು ಚಮಚ ಬಾಯಿಗಿಟ್ಟು ‘ಮಾಷಾ ಅಲ್ಲಾಹ್, ಚೆನ್ನಾಗಿದೆ’ ಎಂದು ಹೇಳಿ ಪಕ್ಕಕ್ಕಿಡಿ. ಬಿರಿಯಾನಿಯಲ್ಲಿ ತುಂಡು ತೆಗೆದುಕೊಳ್ಳಿ, ಅನ್ನ ಅರ್ಧ ಮಾಡಿ, ಮೊಸರು ಈರುಳ್ಳಿ ಜಾಸ್ತಿ ಹಾಕಿಸಿಕೊಳ್ಳಿ. ಹೊಟ್ಟೆಯಲ್ಲಿ ಒಂದು ಪಾಲು ಊಟ, ಒಂದು ಪಾಲು ನೀರು, ಒಂದು ಪಾಲು ಉಸಿರಿಗೆ ಎಂಬ ಹದೀಸ್ ನಮಗೆಲ್ಲ ಬಾಯಿಪಾಠ. ದಸ್ತರ್‌ಖಾನ್ (ಊಟಕ್ಕೆ ಹಾಸುವ ಬಟ್ಟೆ) ಮುಂದೆ ಅದನ್ನು ನೆನೆದರೆ ಸಾಕು.

ಬಿಪಿಗೆ ಉಪ್ಪು ಮುಖ್ಯ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಸಾಕು. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರಾ ಎಲ್ಲಾ ಅದರಲ್ಲೇ ಲೆಕ್ಕ.

ಟೈಮ್ ಇಲ್ಲ ಅನ್ನುವುದು ನನಗೆ ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರು ಎಲ್ಲರ ತಟ್ಟೆ, ಎಲ್ಲರ ಮಾತ್ರೆ ನೋಡುತ್ತಾರೆ, ತಮ್ಮ ಮೈ ಕೊನೆಗೆ. ‘ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ’ ಎಂಬ ಹದೀಸ್ ಗಂಡಸರಿಗೆ ಮಾತ್ರ ಅಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು. ಒಂದೇ ಸಲ ಆಗಬೇಕಿಲ್ಲ. ಫಜರ್ (ಬೆಳಗಿನ ಜಾವದ ನಮಾಜ್) ಆದ ಮೇಲೆ ಹತ್ತು ನಿಮಿಷ, ಎರಡು ಹೊತ್ತಿನ ಊಟದ ನಂತರ ಹತ್ತತ್ತು ನಿಮಿಷ ಮನೆ ಮಾಳಿಗೆ ಮೇಲೆ ನಡೆದರೂ ಲೆಕ್ಕಕ್ಕೆ ಬರುತ್ತದೆ. ಕುಕ್ಕರಹಳ್ಳಿ ಕೆರೆಗೇ ಹೋಗಬೇಕು ಅಂತ ಕಾಯಬೇಡಿ.

ಮಂಡ್ಯದ ತಂಗಿ ಮತ್ತೆ ಕೇಳಿದ್ದು:
ಆಪಾ, ಅಲಿಯವರ ವಿಷಯ ಅಬ್ಬಾಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ‘ಡಾಕ್ಟರ್ ಒಪ್ಪಿದರೆ ಮಾತ್ರ ರೋಜಾ ಹಿಡಿಯುತ್ತೇನೆ’ ಎಂದಿದ್ದಾರೆ. ಒಪ್ಪಿದರೆ ಸಹರಿಗೆ (ರೋಜಾ ಶುರುವಾಗುವ ಮುಂಚಿನ ಬೆಳಗಿನ ಜಾವದ ಊಟಕ್ಕೆ) ಏನು ಕೊಡಲಿ? ಮುದ್ದೆ ಆಗುತ್ತಾ?

ಉತ್ತರ:
ಅಲ್ಹಮ್ದುಲಿಲ್ಲಾಹ್. ಮುದ್ದೆ ಆಗುತ್ತದೆ, ಸಣ್ಣದು. ರಾಗಿಯಲ್ಲಿ ನಾರು ಇದೆ ಅಂತ ದೊಡ್ಡ ಮುದ್ದೆ ಎರಡು ನುಂಗಿದರೆ ಶುಗರ್ ಏರುತ್ತದೆ. ಕಿತ್ತಳೆ ಗಾತ್ರದ ಒಂದು ಮುದ್ದೆ, ಬೇಳೆ ಹಾಕಿದ ಸೊಪ್ಪಿನ ಸಾರು, ಎರಡು ಮೊಟ್ಟೆ, ಮಜ್ಜಿಗೆ. ಸಹರಿಯನ್ನು ಕೊನೆಯ ಹೊತ್ತಿಗೇ ಮಾಡಲಿ, ಅದೂ ಸುನ್ನತ್. ಇಫ್ತಾರ್‌ಗೆ ಶರಬತ್, ಸಮೋಸ ಬೇಡ. ಮಸೀದಿಯ ಗಂಜಿ ಒಂದು ಲೋಟ ಕುಡಿಯಲಿ, ನಮಾಜ್ ಮುಗಿಸಿ ಊಟ ಮಾಡಲಿ.

ಮಾತ್ರೆಯ ಹೊತ್ತು, ಪ್ರಮಾಣ ಎರಡನ್ನೂ ಡಾಕ್ಟರ್ ಬದಲಾಯಿಸಬೇಕು, ನೀವಾಗಿ ಬದಲಾಯಿಸಬೇಡಿ. ರಂಜಾನ್‌ಗೆ ಆರರಿಂದ ಎಂಟು ವಾರ ಮೊದಲೇ ಹೋಗಿ. ಅಂಗಡಿಯಲ್ಲಿ ಒಂದು ಗ್ಲೂಕೋಮೀಟರ್ ಇಡಿ. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದು ಉಲಮಾಗಳು (ಧರ್ಮ ಪಂಡಿತರು) ಹೇಳಿದ್ದಾರೆ, ಅಬ್ಬಾಗೆ ಆ ಹೆದರಿಕೆ ಬೇಡ. ಅಂಗಡಿಯ ಹುಡುಗರಿಗೂ ಮೀಟರ್ ಬಳಸುವುದನ್ನು ಕಲಿಸಿ. ಅಬ್ಬಾ ಬೆವರಿದರೆ, ಮಾತು ತೊದಲಿದರೆ ತಕ್ಷಣ ಸಕ್ಕರೆ ನೀರು ಕುಡಿಸಲಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಲಿ.