ಭಾನುವಾರದ ಪ್ರಶ್ನೋತ್ತರ: ಡೈನಮೋ ಹೆಡ್‌ಲೈಟ್ ಯಾವುದು ಹಾಕಿಸಲಿ?

ಗುಂಪಿನ ಉಸ್ತುವಾರಿ: ಎಲ್ಲರಿಗೂ ನಮಸ್ಕಾರ. ಸಿರ್ಸಿಯ ನಮ್ಮ ಅಂಗಡಿಯಣ್ಣ ಇವತ್ತು ಸಂಜೆ ನಾಲ್ಕರಿಂದ ಉತ್ತರ ಕೊಡ್ತಾರೆ. ವಿಷಯ ಒಂದೇ, ಡೈನಮೋದಿಂದ ಉರಿಯುವ ಮುಂದಿನ ಲೈಟು. ಬ್ರೇಕು, ಗೇರು, ಸೀಟಿನ ನೋವು ಇನ್ನೊಂದು ದಿನ. ಕೇಳುವ ಮೊದಲು ಮೇಲಿನದನ್ನು ಒಮ್ಮೆ ಓದಿ, ದಯವಿಟ್ಟು.

ಹೊನ್ನಾವರದ ಹೊಸಬ: ನಮಸ್ತೆ ಅಣ್ಣ. ಅಜ್ಜನ ಕಾಲದ ಅಟ್ಲಾಸ್ ಸೈಕಲ್ಲಿದೆ. ಟೈರಿಗೆ ಒತ್ತಿ ತಿರುಗುವ ಬಾಟ್ಲಿ ಡೈನಮೋ ಇನ್ನೂ ತಿರುಗ್ತದೆ. ಅದಕ್ಕೇ ಎಲ್‌ಇಡಿ ಲೈಟು ಹಾಕಬಹುದಾ, ಚಕ್ರದ ನಡುವೆ ಅಚ್ಚಿನಲ್ಲೇ ಕೂರುವ ಹಬ್ ಡೈನಮೋನೇ ಬೇಕಾ?

ಅಂಗಡಿಯಣ್ಣ: ಹಾಕಬಹುದು. ಮೊದಲು ಡೈನಮೋ ಮೈಮೇಲೆ ಬರೆದದ್ದು ಓದಿ. 6 ವೋಲ್ಟ್ 3 ವ್ಯಾಟ್ ಅಂತಿದ್ರೆ ಈಗಿನ ಡೈನಮೋ ಲೈಟುಗಳೆಲ್ಲ ಆ ಲೆಕ್ಕಕ್ಕೇ ಮಾಡಿದ್ದು. 12 ವೋಲ್ಟ್ ಅಂತಿದ್ರೆ ಫೋಟೊ ಹಾಕಿ, ಅದು ಬೇರೆ ಮಾತು. ಹಳೇ ಸೈಕಲ್ಲಿಗೆ ವೈರು ಒಂದೇ ಇರ್ತದೆ, ವಾಪಸ್ ದಾರಿ ಸೈಕಲ್ಲಿನ ಕಬ್ಬಿಣವೇ. ನಿಮ್ಮ ಕಡೆ ಉಪ್ಪುಗಾಳಿಗೆ ಆ ಜಾಗ ತುಕ್ಕು ಹಿಡಿದು ಲೈಟು ಹೊತ್ತಿ ಆರಿ ಆಟ ಆಡ್ತದೆ. ಎರಡನೇ ವೈರು ಎಳೆದುಬಿಡಿ, ಜೋಡಣೆಗೆ ಚೂರು ವ್ಯಾಸಲಿನ್ ಹಚ್ಚಿ. ಡೈನಮೋ ಕೂರಿಸುವಾಗ ಅದರ ನಡುಗೆರೆ ಚಕ್ರದ ಅಚ್ಚನ್ನೇ ನೋಡ್ತಿರಬೇಕು, ವಾಲಿದ್ರೆ ಟೈರಿನ ಮಗ್ಗುಲು ತಿಂದುಹಾಕ್ತದೆ. ಕುತೂಹಲಕ್ಕೆ ಬಿಚ್ಚಬೇಡಿ. ಹಳೇ ಡೈನಮೋದ ಆಯಸ್ಕಾಂತ ಹೊರಗೆ ತೆಗೆದ್ರೆ ಬಲ ಕಳ್ಕೊಳ್ತದೆ.

ಬೈತಖೋಲ, ಕಾರವಾರ: ಎಷ್ಟು ಲ್ಯುಮೆನ್ ತಗೊಂಡ್ರೆ ಒಳ್ಳೇದು? 1000 ಸಾಕಾ?

ಅಂಗಡಿಯಣ್ಣ: ಲ್ಯುಮೆನ್ ಬಿಡಿ, ಲಕ್ಸ್ ನೋಡಿ. ಲ್ಯುಮೆನ್ ಅಂದ್ರೆ ಲೈಟು ಒಟ್ಟು ಚೆಲ್ಲುವ ಬೆಳಕು, ತೆಂಗಿನ ಹೆಡೆಗೆ ಹೋಗಿದ್ದೂ ಸೇರಿ. ಲಕ್ಸ್ ಅಂದ್ರೆ ಹತ್ತು ಮೀಟರ್ ಮುಂದೆ ಎಷ್ಟು ಬಿತ್ತು ಅಂತ. 3 ವ್ಯಾಟಿನ ಲೈಟಿನ ಡಬ್ಬಿ ಮೇಲೆ 1000 ಲ್ಯುಮೆನ್ ಅಂತ ಬರೆದಿದ್ರೆ ಸುಳ್ಳು. ಜರ್ಮನಿಯ ರಸ್ತೆ ನಿಯಮಕ್ಕೆ ಮಾಡಿದ ಲೈಟಿನ ಮೇಲೆ ಅಲೆಯಂಥ ಗೀಟು, ಕೆ ಅಕ್ಷರ, ಒಂದು ನಂಬರು ಇರ್ತದೆ. ಅದರ ಬೆಳಕಿನ ಮೇಲಂಚು ಕತ್ತಿಯಲ್ಲಿ ಕೊಯ್ದ ಹಾಗೆ ನಿಲ್ತದೆ, ಎದುರಿನವರ ಕಣ್ಣಿಗೆ ಹೊಡಿಯಲ್ಲ. ಬುಷ್ ಉಂಡ್ ಮ್ಯುಲರ್ ಕಂಪನಿಯ ಐಕ್ಯು-ಎಕ್ಸ್ 100 ಲಕ್ಸ್ ಕೊಡ್ತದೆ. ಅಷ್ಟೇ ಬೇಕು ಅಂತಿಲ್ಲ, ಊರ ರಸ್ತೆಗೆ 40–50 ಧಾರಾಳ.

ನಿವೃತ್ತ ಮೇಷ್ಟ್ರು, ಕುಮಟಾ: ಫಾರ್ವರ್ಡ್ ಆಗಿ ಬಂದದ್ದು: ‘ಮಳೆಯಲ್ಲಿ ಡೈನಮೋ ಜಾರುತ್ತಿದೆಯೇ? ಟೈರಿಗೆ ತಾಗುವ ಗಿರಕಿಗೆ ಹಲಸಿನ ಮೇಣ ಸವರಿ ಬೂದಿ ಉದುರಿಸಿ. ಜನ್ಮದಲ್ಲಿ ಜಾರದು. ಹತ್ತು ಜನರಿಗೆ ಕಳಿಸಿ.’

ಅಂಗಡಿಯಣ್ಣ: ಹತ್ತು ಜನರಿಗೂ ಕಳಿಸಬೇಡಿ. ಮೇಣಕ್ಕೆ ರಸ್ತೆಯ ಮರಳು ಅಂಟ್ತದೆ. ಗಂಟೆಗೆ 15 ಕಿ.ಮೀ. ಹೋದ್ರೂ ಆ ಗಿರಕಿ ನಿಮಿಷಕ್ಕೆ ಮೂರು ಸಾವಿರ ಸುತ್ತಿಗಿಂತ ಹೆಚ್ಚು ತಿರುಗ್ತದೆ. ಮರಳು ಮೆತ್ತಿದ ಗಿರಕಿ ಅಂದ್ರೆ ಅರವೇ. ಗಿರಕಿಗೆ ಹಾಕುವ ರಬ್ಬರ್ ಟೋಪಿ ಸಿಗ್ತದೆ, ಅದು ಹಾಕಿ, ಸ್ಪ್ರಿಂಗ್ ಸಡಿಲ ಆಗಿದ್ರೆ ಬದಲಿಸಿ. ಅದಕ್ಕೂ ಜಾರಿದ್ರೆ ಹಬ್ ಡೈನಮೋ. ಟೈರು ಮುಟ್ಟೋದೇ ಇಲ್ಲ, ಜಾರಲಿಕ್ಕೆ ಏನೂ ಇಲ್ಲ.

ಕಾಲೇಜು ಹುಡುಗಿ, ಯಲ್ಲಾಪುರ: ಅಣ್ಣ, ನನ್ನ ಸೈಕಲ್ಲಿಗೆ ಮುಂದೆ ಬುಟ್ಟಿ ಇದೆ. ಲೈಟು ಹ್ಯಾಂಡಲ್ ಮೇಲೆ ಹಾಕಿದ್ರೆ ಬುಟ್ಟಿಯ ನೆರಳೇ ರಸ್ತೆಗೆ ಬೀಳ್ತದೆ. ಎಲ್ಲಿ ಹಾಕ್ಲಿ?

ಭಟ್ಕಳದ ಸವಾರ: ಎಷ್ಟು ಲ್ಯುಮೆನ್ ಇದ್ರೆ ಹೈವೇಗೆ ಸಾಕು?

ಅಂಗಡಿಯಣ್ಣ: ಮೇಲೆ ಹೇಳಿದೆ.

ಪೇಪರ್ ಹುಡುಗನ ಅಪ್ಪ, ಅಂಕೋಲಾ: ಮಗ ಡಿಗ್ರಿ ಓದ್ತಾ ನಸುಕಿನಲ್ಲಿ ಮನೆಮನೆಗೆ ಪೇಪರ್ ಹಾಕ್ತಾನೆ. ಹೈವೇ ದಾಟಿ ಆಚೆ ಕೇರಿಗೂ ಹೋಗ್ಬೇಕು. ಬಾಟ್ಲಿ ಡೈನಮೋ, ಹಳೇ ಬಲ್ಬು. ಬೆಳಕು ತುಂಬ ಬೇಕು ಅಂತಿಲ್ಲ. ಕಡಿಮೆ ಖರ್ಚಲ್ಲಿ ಯಾವುದು?

ಅಂಗಡಿಯಣ್ಣ: ನೀವು ಬೆಳಕಿನ ಪ್ರಮಾಣ ಕೇಳ್ತಿದ್ದೀರಿ, ನನಗೆ ಬೇರೇದು ಕಾಡ್ತಿದೆ. ಹೈವೇ ದಾಟುವಾಗ ಹುಡುಗ ಡಿವೈಡರ್ ಸಂದಿಯಲ್ಲಿ ನಿಲ್ತಾನಲ್ಲ? ನಿಂತ ಗಳಿಗೆಗೆ ಚಕ್ರ ನಿಂತಿತು, ಡೈನಮೋ ನಿಂತಿತು, ದೀಪ ಆರಿತು. ಎರಡೂ ಕಡೆ ಲಾರಿ, ನಡುವೆ ದೀಪ ಇಲ್ಲದ ಹುಡುಗ. ಸ್ಟ್ಯಾಂಡ್‌ಲೈಟ್ ಇರುವ ಲೈಟೇ ತಗೊಳ್ಳಿ. ಅದರೊಳಗೆ ಸಣ್ಣ ಕೆಪಾಸಿಟರ್ ಇರ್ತದೆ, ಓಡುವಾಗ ತುಂಬ್ಕೊಂಡು ನಿಂತ ಮೇಲೂ ಕೆಲವು ನಿಮಿಷ ಮಂದವಾಗಿ ಉರಿಸ್ತದೆ. ದಾರಿ ಕಾಣಲಿಕ್ಕಲ್ಲ, ಅವನು ಕಾಣಲಿಕ್ಕೆ. ಅಂಗಡಿಯಲ್ಲೇ ಚಕ್ರ ಎತ್ತಿ ತಿರುಗಿಸಿ, ಕೈಯಲ್ಲಿ ನಿಲ್ಲಿಸಿ, ಆರ್ತದಾ ನೋಡಿಯೇ ದುಡ್ಡು ಕೊಡಿ. ಹಿಂದಿನದು ಸೆಲ್ಲಿನ ಕೆಂಪು ಲೈಟು ಹಾಕಿ, ಡೈನಮೋ ನಂಬಿ ಕೂರಬೇಡಿ.

ಬೈತಖೋಲ, ಕಾರವಾರ: ಇಷ್ಟೆಲ್ಲ ಯಾಕೆ ಮಾರಾಯ್ರೆ? ಚಾರ್ಜ್ ಮಾಡುವ ಟಾರ್ಚ್ ಕಟ್ಟಿದ್ರೆ ಮುಗೀತು. ಡೈನಮೋ ಹಾಕಿದ್ರೆ ತುಳಿಯೋದೇ ಕಷ್ಟ.

ಘಟ್ಟದ ಮೇಲಿನವ, ಸಿದ್ದಾಪುರ: ನಿಮಗೇನು, ಸಮುದ್ರದಂಡೆ, ಸಪಾಟು ರಸ್ತೆ, ಮನೇಲಿ ಕರೆಂಟು. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿತ್ತು ಅಂದ್ರೆ ಮೂರು ದಿನ ಕರೆಂಟಿಲ್ಲ. ಚಾರ್ಜ್ ಎಲ್ಲಿ, ಅಡಿಕೆ ಮರಕ್ಕೆ ಚುಚ್ಚಿ ಮಾಡೋದಾ?

ಬೈತಖೋಲ, ಕಾರವಾರ: ಸಪಾಟಂತೆ! ಕಾಳಿ ಸೇತುವೆ ಮೇಲೆ ಎದುರುಗಾಳಿಗೆ ಒಂದು ಸಲ ತುಳಿದು ನೋಡಿ, ಆಮೇಲೆ ಮಾತಾಡಿ.

ಅಂಗಡಿಯಣ್ಣ: 3 ವ್ಯಾಟ್ ಕೊಡಲಿಕ್ಕೆ ಒಳ್ಳೆ ಹಬ್ ನಿಮ್ಮ ಕಾಲಿಂದ 5–6 ವ್ಯಾಟ್ ತಿನ್ನಬಹುದು. ಬಾಟ್ಲಿ ಅದಕ್ಕಿಂತ ಜಾಸ್ತಿ. ಕಾಲಿಗೆ ಗೊತ್ತಾಗೋದು ಬಾಟ್ಲಿಯದ್ದು, ಅದರಲ್ಲೂ ಅದರ ಸದ್ದು.

ನಿವೃತ್ತ ಮೇಷ್ಟ್ರು, ಕುಮಟಾ: ಒಂದು ತಿದ್ದುಪಡಿ. ಸೈಕಲ್ಲಿನದನ್ನು ಡೈನಮೋ ಎನ್ನುವುದೇ ತಪ್ಪು. ಡೈನಮೋ ಎಂದರೆ ನೇರ ವಿದ್ಯುತ್ ಕೊಡುವಂಥದ್ದು. ಇದು ಪರ್ಯಾಯ ವಿದ್ಯುತ್ ಕೊಡುತ್ತದೆ, ಆದ್ದರಿಂದ ಆಲ್ಟರ್ನೇಟರ್.

ಘಟ್ಟದ ಮೇಲಿನವ, ಸಿದ್ದಾಪುರ: ಅಂಗಡಿಗೆ ಹೋಗಿ ಆಲ್ಟರ್ನೇಟರ್ ಕೊಡಿ ಅಂದ್ರೆ ಜೀಪಿಂದು ತಂದು ಕೈಗೆ ಇಡ್ತಾರೆ ಮೇಷ್ಟ್ರೆ.

ನಿವೃತ್ತ ಮೇಷ್ಟ್ರು, ಕುಮಟಾ: ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ತಮಾಷೆ ಬೇಡ.

ಅಂಗಡಿಯಣ್ಣ: ಮೇಷ್ಟ್ರು ಹೇಳಿದ್ದು ಸರಿ. ಊರು ಕರೆಯೋದು ಡೈನಮೋ, ನಾನೂ ಹಾಗೇ ಕರೀತೇನೆ.

ಭಟ್ಕಳದ ಸವಾರ: ಈ ವಿಡಿಯೊ ನೋಡಿ ಅಣ್ಣ, ಡೈನಮೋ ಎರಡು ವೈರು ತಂದು ಮೊಬೈಲಿನ ಹಳೇ ಲಿಥಿಯಂ ಸೆಲ್ಲಿಗೆ ನೇರ ಬೆಸುಗೆ ಹಾಕಿದ್ದಾರೆ. ಓಡುವಾಗ ಚಾರ್ಜ್, ನಿಂತಾಗ ಲೈಟು. ಸ್ಟ್ಯಾಂಡ್‌ಲೈಟಿಗೆ ದುಡ್ಡೇ ಬೇಡ.

ಅಂಗಡಿಯಣ್ಣ: ಮೇಷ್ಟ್ರು ಈಗಷ್ಟೇ ಏನಂದ್ರು? ಪರ್ಯಾಯ ವಿದ್ಯುತ್. ಸೆಲ್ಲಿಗೆ ಒಮ್ಮೆ ಸರಿ ಕಡೆಯಿಂದ, ಒಮ್ಮೆ ತಿರುಗಾ ಕಡೆಯಿಂದ ತುರುಕ್ತಾ ಹೋಗ್ತದೆ. ಲಿಥಿಯಂ ಸೆಲ್ಲು ಊದ್ತದೆ, ಬೆಂಕಿ ಹಿಡೀತದೆ. ಅದೂ ಎಲ್ಲಿ, ನಿಮ್ಮ ಎರಡು ಮೊಣಕಾಲಿನ ನಡುವೆ. ವಿಡಿಯೊ ಮಾಡಿದವ ಸೈಕಲ್ ಹತ್ತಿದ್ದು ಕಾಣ್ಲಿಲ್ಲ ನನಗೆ. ಅಳಿಸಿ.

ಕಾಲೇಜು ಹುಡುಗಿ, ಯಲ್ಲಾಪುರ: ಬುಟ್ಟಿ ಅಣ್ಣ…

ದೇವಿಮನೆ ಇಳಿಯುವವ, ಸಿರ್ಸಿ: ನಂದು ಶಿಮಾನೊ ಹಬ್ ಡೈನಮೋ. ಅದರ ಲೈಟು ದುಬಾರಿ ಅಂತ ಬೈಕಿನ 12 ವೋಲ್ಟ್ ಎಲ್‌ಇಡಿ ಫಾಗ್ ಲೈಟ್ ತಂದು, ಮಧ್ಯೆ ಪರ್ಯಾಯ ವಿದ್ಯುತ್ತನ್ನು ನೇರ ಮಾಡಲಿಕ್ಕೆ ನಾಲ್ಕು ಡಯೋಡು, 16 ವೋಲ್ಟಿನವರೆಗೆ ತಡೆಯುವ ಒಂದು ಕೆಪಾಸಿಟರು ಹಾಕಿ ನಾನೇ ಕಟ್ಟಿದೆ. ಏಳು ತಿಂಗಳು ಏನೂ ತೊಂದ್ರೆ ಇಲ್ಲ. ಮೊನ್ನೆ ನಸುಕಿನಲ್ಲಿ ರಾಗಿಹೊಸಳ್ಳಿ ದಾಟಿ ಘಟ್ಟ ಇಳೀತಿದ್ದೆ, ಮೀಟರಿನಲ್ಲಿ 44 ಇತ್ತು, ತಿರುವಿನಲ್ಲಿ ಲೈಟು ಪಟ್ಟಂತ ಹೋಯ್ತು. ರಸ್ತೆ ಇಲ್ಲ, ಮರ ಇಲ್ಲ, ಬರೀ ಕಪ್ಪು. ಹೇಗೋ ನಿಂತೆ. ಕೆಪಾಸಿಟರಿನ ಮಂಡೆ ಉಬ್ಬಿ ಅಂಟುರಸ ಬಂದಿದೆ, ಫೋಟೊ ಹಾಕಿದ್ದೇನೆ. 25 ವೋಲ್ಟಿಂದು ಹಾಕಿದ್ರೆ ಆಯ್ತಲ್ಲ? ನಾಳೆ ಮತ್ತೆ ಕುಮಟೆಗೆ ಇಳೀಬೇಕು.

ಅಂಗಡಿಯಣ್ಣ: 25 ಬೇಡ, 50 ಆದ್ರೂ ಬೇಡ. ಸ್ವಲ್ಪ ಕೂತು ಓದಿ.

ಮನೆ ಕರೆಂಟಿನ ಲೆಕ್ಕ ತಲೆಯಿಂದ ತೆಗೀರಿ. ಮನೆಯಲ್ಲಿ ವೋಲ್ಟೇಜ್ ಇದ್ದ ಹಾಗೇ ಇರ್ತದೆ, ಬಲ್ಬು ಬೇಕಾದಷ್ಟು ಕರೆಂಟ್ ಎಳ್ಕೊಳ್ತದೆ. ಹಬ್ ಡೈನಮೋದ್ದು ಉಲ್ಟಾ. ಚಕ್ರ ಜೋರಾದಷ್ಟೂ ಒಳಗೆ ಹುಟ್ಟುವ ವೋಲ್ಟೇಜ್ ಏರ್ತದೆ. ಅದರ ಸಂಗಡವೇ ಕರೆಂಟು ದಿಕ್ಕು ಬದಲಿಸುವ ವೇಗವೂ ಏರ್ತದೆ, ಸುರುಳಿ ಅದಕ್ಕೆ ಅಷ್ಟಷ್ಟೇ ಹೆಚ್ಚು ಅಡ್ಡ ನಿಲ್ತದೆ. ಹಾಗಾಗಿ ಕರೆಂಟು ಅರ್ಧ ಆಂಪಿಯರಿನ ಆಸುಪಾಸಲ್ಲೇ ಇರ್ತದೆ, ಎಷ್ಟೇ ತುಳೀರಿ. ಎರಡು ವೈರು ಒಂದಕ್ಕೊಂದು ತಾಗಿಸಿದ್ರೂ ಹಬ್ ಸುಡಲ್ಲ. ಅಪಾಯ ಇರೋದು ವೈರು ಬಿಟ್ಟುಹೋದಾಗ. ಎಳೆಯುವವರೇ ಇಲ್ಲ ಅಂದ ಕೂಡಲೇ ವೋಲ್ಟೇಜಿಗೆ ಮೂಗುದಾರ ತಪ್ತದೆ. ಘಟ್ಟ ಇಳಿಯುವ ವೇಗದಲ್ಲಿ ಹತ್ತಾರು ವೋಲ್ಟಿಗೆ ಹೋಗ್ತದೆ. 16ರ ಕೆಪಾಸಿಟರು ಅಲ್ಲಿ ಏನು ಮಾಡೀತು ಪಾಪ.

ಈಗ ನನ್ನ ಅನುಮಾನ ಹೇಳ್ತೇನೆ. ಕೆಪಾಸಿಟರ್ ಸತ್ತು ನಿಮ್ಮ ಲೈಟು ಆರಿದ್ದಲ್ಲ. ಮೊದಲು ಲೈಟಿನ ವೈರು ಬಿಟ್ಟಿತು, ಲೈಟು ಆರಿತು, ಆಮೇಲೆ ಆ ಹೊರೆಯೆಲ್ಲ ಬಿದ್ದು ಕೆಪಾಸಿಟರ್ ಸತ್ತಿತು. ನಿಮ್ಮ ಫೋಟೊದಲ್ಲಿ ಫೋರ್ಕಿನ ಹತ್ತಿರ ವೈರು ಬಿಗಿಯಾಗಿ ಎಳೆದ ಹಾಗೆ ಕಾಣ್ತದೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಬೆಸುಗೆ ಕಿತ್ತುಕೊಳ್ತಾ ಬಂದಿರಬೇಕು, ಏಳು ತಿಂಗಳು. ಹೊಸ ಕೆಪಾಸಿಟರ್ ಹಾಕಿದ್ರೆ ಮನೆ ಅಂಗಳದಲ್ಲಿ ಉರೀತದೆ, ತಿರುವಿನಲ್ಲಿ ಮತ್ತೆ ಆರ್ತದೆ.

ಇನ್ನೊಂದು. ಏರು ಹತ್ತುವಾಗ ಈ ಲೈಟು ಮಂಕಾಗಿರ್ತಿತ್ತು, ಹೌದೋ ಅಲ್ಲವೋ? ಆರು ವೋಲ್ಟಿನ ಹಬ್ಬಿಂದ ಹನ್ನೆರಡು ಬೇಕು ಅಂದ್ರೆ ಜೋರಾಗಿ ಓಡುವಾಗ ಮಾತ್ರ ಸಿಗ್ತದೆ. ಸೈಕಲ್ ಡೈನಮೋಗೆ ಅಂತಲೇ ಮಾಡಿದ ಲೈಟಿನಲ್ಲಿ ವೋಲ್ಟೇಜ್ ಏರದಂತೆ ತಡೆಯುವ ಸರ್ಕ್ಯೂಟು ಒಳಗೇ ಇರ್ತದೆ. ನೀವು ಉಳಿಸಿದ್ದು ಆ ದುಡ್ಡನ್ನೇ. ಕೈಯಾರೆ ಕಟ್ಟಲೇಬೇಕು ಅನ್ನೋ ಹಟ ಇದ್ರೆ ಫಾಗ್ ಲೈಟು ಬಿಡಿ, ನಾಲ್ಕು ಡಯೋಡಿನ ಮುಂದೆ 3 ವ್ಯಾಟಿನ ಎರಡು ಎಲ್‌ಇಡಿ ಸಾಲಾಗಿ, ಅಲ್ಯುಮಿನಿಯಂ ತುಂಡಿನ ಮೇಲೆ. ಆದರೆ ಅದು ಪೇಟೆ ಸುತ್ತಲಿಕ್ಕೆ. ಘಟ್ಟಕ್ಕಲ್ಲ. ಘಟ್ಟ ಇಳಿಯುವವನ ಹ್ಯಾಂಡಲ್ ಮೇಲೆ ಡೈನಮೋಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಟಾರ್ಚು ಉರೀತಿರಬೇಕು. ಜೇಬಿನಲ್ಲಿ ಅಲ್ಲ.

ಬೈತಖೋಲ, ಕಾರವಾರ: ನೋಡಿ, ಕೊನೆಗೆ ಟಾರ್ಚಿಗೇ ಬಂದ್ರಲ್ಲ. ನಾನು ಹೇಳಿದಾಗ ಯಾರೂ ಕೇಳ್ಲಿಲ್ಲ.

ಘಟ್ಟದ ಮೇಲಿನವ, ಸಿದ್ದಾಪುರ: ಜೊತೆಗೆ ಅಂದ್ರು, ಬದಲಿಗೆ ಅನ್ಲಿಲ್ಲ. ಓದಲಿಕ್ಕೆ ಬರ್ತದಲ್ಲ?

ಬೈತಖೋಲ, ಕಾರವಾರ: ನಿಮ್ಮಷ್ಟು ಬರಲ್ಲ. ಅಡಿಕೆ ರೇಟು ಓದಿ ಅಭ್ಯಾಸ ಇಲ್ಲ ನೋಡಿ.

ಗುಂಪಿನ ಉಸ್ತುವಾರಿ: ಇಬ್ಬರೂ ನಿಲ್ಲಿಸಿ. ಇದು ಮೂರನೇ ಸಲ.

ಹಳಿಯಾಳದವ: ಒಳ್ಳೆ ಮಾಹಿತಿ. ಎಷ್ಟು ಲ್ಯುಮೆನ್ ತಗೊಂಡ್ರೆ ಉತ್ತಮ ಸರ್?

ಅಂಗಡಿಯಣ್ಣ: ಮೇಲೆ.

ನಿವೃತ್ತ ಮೇಷ್ಟ್ರು, ಕುಮಟಾ: ಹಲಸಿನ ಮೇಣದ ಬಗ್ಗೆ ನನಗೆ ಇನ್ನೂ ಸಮಾಧಾನವಾಗಿಲ್ಲ. ನಮ್ಮ ತಂದೆಯವರು ಮೇಣ ಹಚ್ಚಿಯೇ ರಾತ್ರಿ ಯಕ್ಷಗಾನಕ್ಕೆ ಹೋಗಿ ಬರುತ್ತಿದ್ದರು.

ಅಂಗಡಿಯಣ್ಣ: ಹಚ್ಚಿ ಮೇಷ್ಟ್ರೆ. ಟೈರು ನನ್ನಲ್ಲೇ ಸಿಗ್ತದೆ.

ಪೇಪರ್ ಹುಡುಗನ ಅಪ್ಪ, ಅಂಕೋಲಾ: ಸ್ಟ್ಯಾಂಡ್‌ಲೈಟಿಂದು ಇಲ್ಲಿ ಅಂಗಡಿಯಲ್ಲಿ ಕೇಳ್ದೆ, ಇಲ್ಲ ಅಂದ್ರು. ತರಿಸಲಿಕ್ಕೆ ಒಂದು ವಾರ ಆಗ್ಬಹುದು. ಅಲ್ಲಿವರೆಗೆ?

ಅಂಗಡಿಯಣ್ಣ: ಅಲ್ಲಿವರೆಗೆ ಸೆಲ್ಲಿಂದೇ ಮುಂದೊಂದು ಹಿಂದೊಂದು ಕಟ್ಟಿ ಕಳಿಸಿ. ಹೈವೇ ನಡುವೆ ಕಾಯೋದು ಬೇಡ ಅನ್ನಿ, ಎರಡೂ ಕಡೆ ಖಾಲಿ ಆದ ಮೇಲೆ ಸೈಕಲ್ ನೂಕ್ಕೊಂಡು ಒಂದೇ ಸಲಕ್ಕೆ ದಾಟಲಿ. ತಂದ ಮೇಲೆ ಜೋಡಿಸಲಿಕ್ಕೆ ಆಗದಿದ್ರೆ ಬಸ್ಸಿನ ಮೇಲೆ ಹಾಕಿ ಕಳಿಸಿ, ಕೂಲಿ ಬೇಡ.

ದೇವಿಮನೆ ಇಳಿಯುವವ, ಸಿರ್ಸಿ: ಅಣ್ಣ, ಫೋರ್ಕಿನ ಹತ್ತಿರ ವೈರು ಹಿಡಿದು ಮೆತ್ತಗೆ ಎಳೆದೆ. ಕೈಗೇ ಬಂತು. ತುದಿಯಲ್ಲಿ ಬೆಸುಗೆಯ ಗುಂಡು ಹಾಗೇ ಇದೆ, ಒಳಗಿನ ಎಳೆ ಒಂದೂ ಇಲ್ಲ.

ಅಂಗಡಿಯಣ್ಣ: ನಾಳೆ ಬಸ್ಸಿಗೆ ಹೋಗಿ. ಸೈಕಲ್ಲು ಬೆಳಗ್ಗೆ ಅಂಗಡಿಗೆ ತನ್ನಿ, ಎಂಟಕ್ಕೆ ಬಾಗಿಲು ತೆಗೀತೇನೆ.