ತೋಟದ ಕೆರೆಯ ಗಾಳಿದೋಣಿ: ಮನೆಯಲ್ಲೇ ಮಾಡಿಕೊಳ್ಳಬಹುದಾದ ತಿದ್ದುಪಡಿಗಳು

ಮೂಡಿಗೆರೆ ಕಡೆಯಿಂದ ಪ್ರಶ್ನೆ

ನಮ್ಮ ಕಾಫಿ ತೋಟದ ತಗ್ಗಿನಲ್ಲಿ ಸುಮಾರು ಒಂದೂವರೆ ಎಕರೆಯ ಕೆರೆಯೊಂದಿದೆ. ಫೆಬ್ರುವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಹೊತ್ತಿಗೆ ಅಂತರಗಂಗೆ ಬೆಳೆದು ಪಂಪಿನ ಫುಟ್‌ವಾಲ್ವಿಗೆ ಸುತ್ತಿಕೊಳ್ಳುತ್ತದೆ. ಪ್ರತಿವರ್ಷ ಬಾಳೆದಿಂಡಿನ ತೆಪ್ಪ ಕಟ್ಟಿ ಆಳುಗಳನ್ನು ನೀರಿಗಿಳಿಸುವುದು ಬೇಡವೆಂದು ಈ ಬಾರಿ 2.3 ಮೀಟರ್ ಉದ್ದದ, ಪಿವಿಸಿ ಬಟ್ಟೆಯ ಪುಟ್ಟ ಗಾಳಿದೋಣಿಯೊಂದನ್ನು ಕೊಂಡೆ. ತಳಕ್ಕೆ ಹಾಸಿರುವ ಅಡ್ಡಪಟ್ಟಿಗಳು ಎದ್ದು ನಿಂತರೆ ಕುಸಿಯುತ್ತವೆ. ಸಂಜೆ ಬಿಗಿಯಾಗಿ ಗಾಳಿ ತುಂಬಿಟ್ಟರೂ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಹುಟ್ಟು ಹಾಕಿದರೆ ಮುಂದೆ ಹೋಗುವುದಕ್ಕಿಂತ ಬುಗುರಿಯಂತೆ ತಿರುಗುವುದೇ ಹೆಚ್ಚು. ಎಡಗಡೆಯ ಹುಟ್ಟು ಕೂರಿಸುವ ಕೊಂಡಿಯ ಬುಡ ಅಂಚಿನಲ್ಲಿ ಎದ್ದಿದೆ. ಮುಂದೆ ಚಿಕ್ಕ ವಿದ್ಯುತ್ ಮೋಟಾರ್ ಕೂಡಿಸುವ ಆಸೆಯೂ ಇದೆ. ಮನೆಯಲ್ಲೇ ಏನೇನು ಸರಿಪಡಿಸಿಕೊಳ್ಳಬಹುದು, ಯಾವುದಕ್ಕೆ ಕೈಹಾಕಬಾರದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಚಿಕ್ಕಮಗಳೂರಿನಿಂದ

ತಾವು ಬರೆದ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ ಇರಬಹುದು. ಅದು ಗಾಳಿಯ ಒತ್ತಡ. ಎರಡು ದೋಣಿಗಳನ್ನು ಇಟ್ಟುಕೊಂಡು, ಅವುಗಳಲ್ಲಿ ಒಂದನ್ನು ಕೈಯಾರೆ ಹಾಳುಮಾಡಿಕೊಂಡ ಮೇಲೆ ನಾನು ಕಲಿತದ್ದೆಂದರೆ, ಏನನ್ನಾದರೂ ಅಂಟಿಸುವ, ಕೊರೆಯುವ, ಕೂಡಿಸುವ ಮೊದಲು ಒಳಗಿರುವ ಗಾಳಿಯನ್ನು ಅಳೆಯಬೇಕು. ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಳತೆಯಲ್ಲ.

ಈ ಗಾತ್ರದ ಪಿವಿಸಿ ದೋಣಿಗಳ ಟ್ಯೂಬುಗಳಿಗೆ ಸಾಮಾನ್ಯವಾಗಿ 0.20ರಿಂದ 0.25 ಬಾರ್, ಅಂದರೆ ಸುಮಾರು 3ರಿಂದ 3.6 ಪಿಎಸ್‌ಐ ಒತ್ತಡವಿರುತ್ತದೆ. ತಮ್ಮ ದೋಣಿಗೆ ಎಷ್ಟೆಂಬುದನ್ನು ಅದರ ಫಲಕದಲ್ಲಿ ಅಥವಾ ಜೊತೆಗೆ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಬೈಕಿನ ಚಕ್ರಕ್ಕೆ 28–30 ಪಿಎಸ್‌ಐ ಹಾಕಿಸಿ ರೂಢಿಯಾದವರಿಗೆ ಇದು ಏನೂ ಅಲ್ಲವೆನಿಸುತ್ತದೆ, ಎಡವುವುದೂ ಅಲ್ಲೇ. ಶೆಡ್ಡಿನಲ್ಲಿದ್ದ ಕಂಪ್ರೆಸರ್ ಹಚ್ಚಿ ಗಾಳಿ ತುಂಬಲು ಹೋಗಿ ನನ್ನ ಮೊದಲ ದೋಣಿಯಲ್ಲಿ ಗಾಳಿ ತುಂಬುವ ಎರಡು ಪ್ರತ್ಯೇಕ ಖಾನೆಗಳ ನಡುವಿನ ಗೋಡೆ ಒಳಗೊಳಗೇ ಹರಿದುಹೋಯಿತು. ಹೊರಗೆ ಒಂದು ಗೀರೂ ಇರಲಿಲ್ಲ, ಆದರೆ ಒಂದು ಬದಿಗೆ ತುಂಬಿದ ಗಾಳಿ ಇನ್ನೊಂದು ಬದಿಯಲ್ಲಿ ಏಳುತ್ತಿತ್ತು. ಅದನ್ನು ಮನೆಯಲ್ಲಿ ಸರಿಪಡಿಸಲು ಆಗಲಿಲ್ಲ. ಆದ್ದರಿಂದ ಕಾಲುಪಂಪನ್ನೇ ಬಳಸಿ, ಎಲ್ಲ ಖಾನೆಗಳಿಗೂ ಮೊದಲು ಅರ್ಧರ್ಧ ತುಂಬಿ, ಆಮೇಲೆ ಇನ್ನೊಂದು ಸುತ್ತು ಬಂದು ಬಿಗಿ ಮಾಡಿ.

ಚಕ್ರದ ಗಾಳಿ ನೋಡುವ ಮೀಟರಿನ ಮುಳ್ಳು ಇಷ್ಟು ಕಡಿಮೆ ಒತ್ತಡಕ್ಕೆ ಕದಲುವುದೇ ಇಲ್ಲ. ನಾನು ಬಳಸುತ್ತಿರುವುದು ನಮ್ಮ ತಾಯಿಯವರ ರಕ್ತದೊತ್ತಡ ನೋಡುತ್ತಿದ್ದ, ಕೈಪಟ್ಟಿ ಹರಿದು ಮೂಲೆ ಸೇರಿದ್ದ ಹಳೆಯ ಮುಳ್ಳಿನ ಮೀಟರನ್ನು. ಅದರ ಮುಖದ ಮೇಲೆ 300 ಮಿಲಿಮೀಟರ್ ಪಾದರಸದವರೆಗೆ ಗೆರೆಗಳಿರುತ್ತವೆ. 150ರ ಗೆರೆ ಎಂದರೆ 0.20 ಬಾರ್, 188 ಎಂದರೆ 0.25 ಬಾರ್. ಪಂಪಿನ ಕೊಳವೆಯನ್ನು ನಡುವೆ ಕತ್ತರಿಸಿ ಒಂದು ‘ಟಿ’ ಕೂರಿಸಿ, ಅದರ ಒಂದು ಬಾಯಿಗೆ ಮೀಟರನ್ನೂ ಪಂಪಿನ ಕಡೆಗೆ ಒಂದು ಚಿಕ್ಕ ಕಾಕನ್ನೂ ಹಾಕಿದ್ದೇನೆ. ಕಾಕನ್ನು ಮುಚ್ಚಿ, ದೋಣಿಯ ವಾಲ್ವಿನ ಗುಂಡಿಯನ್ನು ತೆರೆದ ಸ್ಥಿತಿಯಲ್ಲಿಟ್ಟು, ಮುಳ್ಳು ನಿಂತ ಮೇಲೆ ಓದಬೇಕು. ಮನೆಯವರು ದೋಣಿಗೂ ಬಿಪಿ ಬಂದಿದೆಯೇ ಎಂದು ನಗುತ್ತಾರೆ, ನಗಲಿ.

ಇನ್ನು ಬೆಳಿಗ್ಗೆ ಮೆತ್ತಗಾಗುವ ವಿಚಾರ. ಅದು ಸೋರಿಕೆಯೇ ಅಲ್ಲದಿರಬಹುದು. ನಮ್ಮ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 0.9 ಬಾರ್. ಅದರ ಮೇಲೆ ತಾವು 0.20 ತುಂಬಿದರೆ ಒಳಗಿನ ಒಟ್ಟು ಒತ್ತಡ 1.1 ಬಾರ್ ಆಗುತ್ತದೆ. ಸಂಜೆ ಐದಕ್ಕೆ 30 ಡಿಗ್ರಿ ಇದ್ದ ಗಾಳಿ ಬೆಳಗಿನ ಜಾವ 16 ಡಿಗ್ರಿಗೆ ತಣಿದಾಗ ಈ ಒಟ್ಟು ಒತ್ತಡ 1.05ರ ಹತ್ತಿರಕ್ಕೆ ಇಳಿಯುತ್ತದೆ, ಎಂದರೆ ಮೀಟರಿನಲ್ಲಿ 0.20 ಇದ್ದದ್ದು 0.15 ಆಗುತ್ತದೆ. ಒಂದು ಗುಳ್ಳೆಯಷ್ಟೂ ಗಾಳಿ ಹೊರಗೆ ಹೋಗದೆಯೇ ಕಾಲುಭಾಗ ಬಿಗಿತ ಹೋಯಿತಲ್ಲ! ಸೋರಿಕೆ ನಿಜವಾಗಿಯೂ ಇದೆಯೇ ಎಂದು ತಿಳಿಯಬೇಕಾದರೆ ಸಂಜೆಗೂ ಬೆಳಿಗ್ಗೆಗೂ ಹೋಲಿಸದೆ, ಸತತ ಎರಡು ದಿನ ಬೆಳಗಿನ ಜಾವ ಒಂದೇ ಹೊತ್ತಿನಲ್ಲಿ, ನೆರಳಿನಲ್ಲಿ ಅಳೆದು ಹೋಲಿಸಿ. ಆಗಲೂ ಇಳಿದಿದ್ದರೆ ಸೋಪಿನ ನೀರನ್ನು ಬ್ರಷ್ಷಿನಿಂದ ಮೊದಲು ವಾಲ್ವಿನ ಸುತ್ತ, ಆಮೇಲೆ ಅಂಟಿನ ಜೋಡಣೆಗಳ ಉದ್ದಕ್ಕೂ ಹಚ್ಚಿ. ನನ್ನ ಅನುಭವದಲ್ಲಿ ಸೋರುವುದು ಹೆಚ್ಚಾಗಿ ವಾಲ್ವೇ. ಅದನ್ನು ಬಿಚ್ಚುವ ಪ್ಲಾಸ್ಟಿಕ್ ಪಾನ (ಸ್ಪ್ಯಾನರ್) ದೋಣಿಯ ಚೀಲದಲ್ಲೇ ಇದ್ದರೂ ಯಾರೂ ಅದನ್ನು ಹೊರಗೆ ತೆಗೆಯುವುದಿಲ್ಲ.

ಒತ್ತಡ ಸರಿಯಾದ ಮೇಲೂ ತಳ ಕುಸಿದರೆ ಮರದ ಹಾಸು ಮಾಡಿಸಿಕೊಳ್ಳಿ. ಭಾರತೀಯ ಮಾನಕದ ಐಎಸ್ 710 ಗುರುತಿರುವ 12 ಮಿಲಿಮೀಟರ್ ಮೆರೈನ್ ಪ್ಲೈವುಡ್ ತೆಗೆದುಕೊಂಡು, ಮಡಚಿಡಲು ಅನುಕೂಲವಾಗುವಂತೆ ಎರಡು ಅಥವಾ ಮೂರು ತುಂಡು ಮಾಡಿಸಿ, ನಡುವೆ ಅಲ್ಯೂಮಿನಿಯಂ ಚಾನೆಲ್ ಹಾಕಿಸಬೇಕು. ಐಎಸ್ 303 ಗುರುತಿನದು ಅಗ್ಗ, ಆದರೆ ಸದಾ ನೀರಿನಲ್ಲಿರುವ ಕೆಲಸಕ್ಕೆ ಅದಲ್ಲ. ಚದರ ಮೀಟರಿಗೆ ಸುಮಾರು 8 ಕಿಲೋ ತೂಕ ಕೂಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಚಾರ್ಯರು ಕತ್ತರಿಸಿಕೊಟ್ಟ ಅಂಚು ಚಾಕುವಿನಂತಿರುತ್ತದೆ. ಅದನ್ನು ಉಪ್ಪುಕಾಗದದಿಂದ ಪೂರ್ತಿ ದುಂಡಾಗಿಸಿ, ಎರಡು ಮೂರು ಕೈ ಎಪಾಕ್ಸಿ ಹಚ್ಚಿ, ವಿಶೇಷವಾಗಿ ಅಂಚಿನ ಪದರಗಳಿಗೆ ಕುಡಿಯುವಷ್ಟು ಕುಡಿಸಿ. ಒಣಗಿದ ಮೇಲೆ ಹನಿ ನೀರಾವರಿಯ 16 ಮಿಲಿಮೀಟರ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿದರೆ ಟ್ಯೂಬಿಗೆ ತಾಗಿದರೂ ಉಜ್ಜುವುದಿಲ್ಲ. ಹಾಸಿನ ಕೆಳಗೆ ಮರಳು ಸೇರಬಾರದು; ಒಂದು ಹಿಡಿ ಮರಳು ಒಂದೇ ಬೇಸಿಗೆಯಲ್ಲಿ ತಳದ ಬಟ್ಟೆಯನ್ನು ತೇಯ್ದುಬಿಡುತ್ತದೆ. ನಾನು ಹಳೆಯ ಯೋಗದ ಚಾಪೆಯೊಂದನ್ನು ಕೆಳಗೆ ಹಾಸಿದ್ದೇನೆ.

ಎದ್ದಿರುವ ಕೊಂಡಿಯ ವಿಷಯಕ್ಕೆ ಬಂದರೆ, ದಯವಿಟ್ಟು ಸೈಕಲ್ ಪಂಕ್ಚರ್ ಸಲ್ಯೂಷನ್ನನ್ನಾಗಲಿ ಚಪ್ಪಲಿ ಅಂಗಡಿಯ ಗಮ್ಮನ್ನಾಗಲಿ ಹಚ್ಚಬೇಡಿ. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿರುವ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಗೆ ಬಂದು ಅಂಥ ಗಮ್ಮನ್ನು ಲೋಳೆಯಾಗಿಸುತ್ತದೆ, ಆಮೇಲೆ ಆ ಲೋಳೆಯನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಬೇಕಾದದ್ದು ಗಟ್ಟಿಕಾರಕವನ್ನು ಬೇರೆಯಾಗಿ ಬೆರೆಸುವ, ಎರಡು ಡಬ್ಬಿಯ ಪಾಲಿಯುರೆಥೇನ್ ಅಂಟು. ಎದ್ದ ಭಾಗವನ್ನು ಹಾಟ್ ಏರ್ ಗನ್ನಿನಿಂದ ಹದವಾಗಿ ಬಿಸಿ ಮಾಡುತ್ತ ಪೂರ್ತಿ ಬಿಡಿಸಿ, ಗಾಳಿ ತೆಗೆದ ಟ್ಯೂಬನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಹರಡಿ, ಎರಡೂ ಮುಖಗಳನ್ನು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಿಂದ ಒರೆಸಿಕೊಳ್ಳಿ. ತೆಳುವಾಗಿ ಒಂದು ಕೈ ಹಚ್ಚಿ ಅರ್ಧ ಗಂಟೆ ಒಣಗಲು ಬಿಟ್ಟು, ಎರಡನೆಯ ಕೈ ಹಚ್ಚಿ, ಬೆರಳಿನ ಹಿಂಬದಿ ತಾಗಿಸಿದರೆ ಜಿಗುಟಿದರೂ ಅಂಟು ಕೈಗೆ ಬರಬಾರದು ಎನ್ನುವ ಹದ ಬರುವವರೆಗೆ ಕಾಯಬೇಕು. ಆ ಹದದಲ್ಲಿ ಸ್ವಲ್ಪ ಬಿಸಿಗಾಳಿ ತೋರಿಸಿ ನಡುವಿನಿಂದ ಅಂಚಿನ ಕಡೆಗೆ ಒತ್ತಿ. ನಾನು ಒತ್ತಲು ಸ್ಟೀಲ್ ಚಮಚದ ಬೆನ್ನನ್ನು ಬಳಸುತ್ತೇನೆ. ಒಂದು ದಿನ ಗಾಳಿ ತುಂಬಬಾರದು, ಮೂರು ದಿನ ಭಾರ ಹಾಕಬಾರದು. ಈ ಅಂಟಿನ ಗಟ್ಟಿಕಾರಕ ಗಾಳಿಯ ತೇವಕ್ಕೂ ಪ್ರತಿಕ್ರಿಯಿಸುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಈ ಕೆಲಸವನ್ನು ಮುಟ್ಟದಿರುವುದೇ ಲೇಸು. ನಾನು ಆಗಸ್ಟಿನಲ್ಲಿ ಅಂಟಿಸಿದ ಒಂದು ತೇಪೆ ದೀಪಾವಳಿಯ ಹೊತ್ತಿಗೆ ಹಪ್ಪಳದಂತೆ ಎದ್ದು ಬಂತು. ಜನವರಿ, ಫೆಬ್ರುವರಿಯ ಒಣ ಮಧ್ಯಾಹ್ನಗಳಲ್ಲಿ, ನೆರಳಿರುವ ಬಯಲಿನಲ್ಲಿ ಮಾಡಿ. ದ್ರಾವಕದ ಹಬೆ ಒಳ್ಳೆಯದಲ್ಲ, ಹತ್ತಿರ ಒಲೆಯಾಗಲಿ ಬೀಡಿಯಾಗಲಿ ಇರಬಾರದು. ಆ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರವಿರುತ್ತದೆ ಎಂಬ ತೊಂದರೆಯೊಂದಿದೆ, ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ದೋಣಿ ತಿರುಗುವುದಕ್ಕೆ ಕಾರಣ ಹೆಚ್ಚಾಗಿ ಕೂರುವ ಜಾಗ. ಮುಂದೂ ಹಿಂದೂ ಸಮನಾಗಿ ಮುಳುಗುವಂತೆ ಕೂತುಕೊಂಡು, ಹುಟ್ಟಿನ ಉದ್ದದಲ್ಲಿ ಮೂರನೇ ಒಂದಕ್ಕಿಂತ ತುಸು ಕಡಿಮೆ ಭಾಗ ಕೊಂಡಿಯ ಒಳಗಡೆ ಬರುವಂತೆ ಹೊಂದಿಸಿಕೊಂಡು ನೋಡಿ.

ಹಾಸನದಿಂದ

ಮೇಲೆ ಬರೆದವರ ಮಾತುಗಳಲ್ಲಿ ಒಂದಕ್ಕೆ ಮಾತ್ರ ನನ್ನ ತಕರಾರಿದೆ. ಕೆರೆಯ ದಡದಲ್ಲೇ ದೋಣಿ ಇರುವುದಾದರೆ ಪ್ಲೈವುಡ್ ಹಾಸು ಸರಿ. ಪ್ರತಿಬಾರಿ ಬಿಚ್ಚಿ ಜೀಪಿನಲ್ಲಿ ಹೇರುವವರಿಗೆ ಅದು ಶಿಕ್ಷೆ. ನಾನು ಅಡ್ಡಪಟ್ಟಿಗಳನ್ನೇ ಉಳಿಸಿಕೊಂಡು, ಅವುಗಳ ಮೇಲೆ ಉದ್ದಕ್ಕೆ ಎರಡು ಅಲ್ಯೂಮಿನಿಯಂ ಚೌಕ ಪೈಪುಗಳನ್ನು ನೈಲಾನ್ ಪಟ್ಟಿಯಿಂದ ಬಿಗಿದಿದ್ದೇನೆ. ಬಾಯಿಗೆ ರಬ್ಬರ್ ಟೋಪಿ ಹಾಕಿದ್ದೇನೆ. ನಿಂತು ಬಲೆ ಎಳೆಯುವಷ್ಟು ಗಟ್ಟಿಯಾಗಿದೆ.

ಮೋಟಾರಿನ ವಿಷಯದಲ್ಲಿ ಆತುರ ಬೇಡ. ಈ ಗಾತ್ರದ ದೋಣಿಗೆ 30 ಪೌಂಡ್ ತಳ್ಳುವ ಶಕ್ತಿಯ, 12 ವೋಲ್ಟಿನ ಮೋಟಾರ್ ಧಾರಾಳವಾಯಿತು. ಪೂರ್ತಿ ವೇಗದಲ್ಲಿ ಅದು ಸುಮಾರು 30 ಆಂಪಿಯರ್ ಎಳೆಯುವುದರಿಂದ ತಂತಿ ದಪ್ಪಗಿರಬೇಕು, ಬ್ಯಾಟರಿಯ ಧನ ತುದಿಯ ಬಳಿಯೇ ಫ್ಯೂಸ್ ಇರಬೇಕು. ಮನೆಯ ಯುಪಿಎಸ್‌ನ 150 ಆಂಪಿಯರ್ ಗಂಟೆಯ ಟ್ಯೂಬುಲರ್ ಬ್ಯಾಟರಿಯನ್ನು ಎತ್ತಿಡುವ ಯೋಚನೆ ನನಗೂ ಬಂದಿತ್ತು. ಅದು 50 ಕಿಲೋಗೂ ಹೆಚ್ಚು ತೂಗುತ್ತದೆ, ದೋಣಿ ವಾಲಿದರೆ ಆಮ್ಲ ಚೆಲ್ಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 100 ಆಂಪಿಯರ್ ಗಂಟೆಯದೂ ಹನ್ನೆರಡು ಕಿಲೋ ಆಸುಪಾಸಿನಲ್ಲಿ ಸಿಗುತ್ತದೆ, ಬೆಲೆ ಮಾತ್ರ ಬಿಸಿ ಮುಟ್ಟಿಸುತ್ತದೆ. ಮೋಟಾರೂ ಅದನ್ನು ನಡೆಸುವವರೂ ಹಿಂದೆಯೇ ಇರುವುದರಿಂದ ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿಟ್ಟು ಮೂತಿಯ ಕಡೆಗೆ ಕಟ್ಟಿ. ಇದಕ್ಕೂ ಮೊದಲು ಒಂದು ಮಾತು: ಅಂತರಗಂಗೆ ತುಂಬಿದ ಕೆರೆಯಲ್ಲಿ ಮೋಟಾರಿನ ರೆಕ್ಕೆಗೆ ಬೇರುಗಳು ಸುತ್ತಿಕೊಳ್ಳುತ್ತವೆ. ತಮ್ಮ ಕೆಲಸಕ್ಕೆ ಉದ್ದನೆಯ ಬಿದಿರಿನ ಜಲ್ಲೆಯೇ ಮೋಟಾರಿಗಿಂತ ಮೇಲು, ತುದಿಗೆ ಗೋಣಿಯ ಉಂಡೆ ಕಟ್ಟಿದ್ದರೆ ಸಾಕು.

ನಾನು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿಯ ಆಸುಪಾಸಿನಲ್ಲಿ ಕಲಿತ ಪಾಠ ಬೇರೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳೂ ಹಳೆಯ ಗೋಡೆಗಳ ಕಲ್ಲುಗಳೂ ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗೆ ಕಾಣದಂತೆ ಕುಳಿತಿರುತ್ತವೆ. ದೋಣಿಯ ಮೂತಿಯ ಕೆಳಗೆ, ನೀರು ತಾಗುವ ಕಡೆ, ಅದೇ ಪಿವಿಸಿ ಬಟ್ಟೆಯ ಇನ್ನೊಂದು ಪದರವನ್ನು ಅಂಟಿಸಿಕೊಂಡ ಮೇಲೆ ನನಗೆ ತೂತು ಬಿದ್ದಿಲ್ಲ. ತೇಪೆಯ ಮೂಲೆಗಳನ್ನು ದುಂಡಾಗಿ ಕತ್ತರಿಸಿ, ಚೂಪು ಮೂಲೆ ಮೊದಲು ಏಳುತ್ತದೆ. ಕಬ್ಬಿಣದ ಕೊಕ್ಕೆಯ ಲಂಗರು ಬೇಡವೇ ಬೇಡ. ಮರಳು ತುಂಬಿದ ಐದು ಲೀಟರಿನ ಕ್ಯಾನು ಸಾಕು. ಮಧ್ಯಾಹ್ನದ ಗಾಳಿಗೆ ಈ ಹಗುರ ದೋಣಿಗಳು ತರಗೆಲೆಯಂತೆ ಹೋಗುತ್ತವೆ. ಜೀವರಕ್ಷಕ ಜಾಕೆಟ್ ಇಲ್ಲದೆ ಆಳುಗಳನ್ನು ಹತ್ತಿಸಬೇಡಿ, ತೋಟದ ಕೆರೆಯಾದರೂ ಸರಿಯೇ. ಸ್ವಂತ ಕೆರೆ ಬಿಟ್ಟು ಜಲಾಶಯಕ್ಕೆ ಒಯ್ಯುವುದಾದರೆ ಮೊದಲು ಅನುಮತಿ ಕೇಳಿ. ಭದ್ರಾ ಹಿನ್ನೀರಿನ ದಂಡೆಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಇದೆ.

ಕಡೂರಿನಿಂದ

ನಮ್ಮದು ಬಯಲುಸೀಮೆ, ಇಲ್ಲಿ ತೊಂದರೆ ತಿರುಗುಮುರುಗು. ಬೆಳಿಗ್ಗೆ 20 ಡಿಗ್ರಿಯಲ್ಲಿ 0.20 ಬಾರ್ ತುಂಬಿ ದಡದ ಬಿಸಿಲಿಗೆ ಬಿಟ್ಟ ಕಪ್ಪು ಟ್ಯೂಬಿನೊಳಗಿನ ಗಾಳಿ 50 ಡಿಗ್ರಿಗೆ ಏರಿದರೆ ಒತ್ತಡ 0.31ರವರೆಗೆ ಹೋಗುತ್ತದೆ, ಜೋಡಣೆ ಬಿಡುವುದು ಆಗಲೇ. ನೀರಿನಿಂದ ಎತ್ತಿದ ಕೂಡಲೇ ಸ್ವಲ್ಪ ಗಾಳಿ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಮಳೆಗಾಲಕ್ಕೆ ದೋಣಿಯನ್ನು ಪೂರ್ತಿ ಒಣಗಿಸಿ, ಸಡಿಲವಾಗಿ ಸುತ್ತಿ, ಅಟ್ಟದ ತೊಲೆಗೆ ತೂಗುಹಾಕಿ. ಗೋದಾಮಿನ ನೆಲದ ಮೇಲಿಟ್ಟ ನನ್ನ ದೋಣಿಯ ಮಡಿಕೆಯಲ್ಲಿ ಇಲಿ ಮರಿ ಹಾಕಿತ್ತು. ಒಂದೇ ಕಚ್ಚಿಗೆ ಸುರುಳಿಯ ನಾಲ್ಕು ಪದರ ತೂತಾಗಿತ್ತು.

ಮತ್ತೆ ಮೂಡಿಗೆರೆಯಿಂದ

ಎಲ್ಲರಿಗೂ ವಂದನೆಗಳು. ಪಕ್ಕದ ತೋಟದ ಹಿರಿಯರಿಂದ ಬಿಪಿ ಮೀಟರ್ ಎರವಲು ತಂದು ಎರಡು ದಿನ ಬೆಳಗಿನ ಜಾವ ಅಳೆದೆ. ಬಲಗಡೆಯ ಖಾನೆ ಎರಡು ದಿನವೂ 112ರಲ್ಲೇ ನಿಂತಿತ್ತು. ಸೋರಿಕೆಯೆಂದು ನಾನು ಬೈದುಕೊಂಡದ್ದು ಬರೀ ಚಳಿಯನ್ನು. ಎಡಗಡೆಯದು ಮಾತ್ರ 110ರಿಂದ 64ಕ್ಕೆ ಇಳಿಯಿತು. ಸೋಪಿನ ನೀರು ಹಚ್ಚಿದಾಗ ವಾಲ್ವಿನ ನಡುವಿನಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಬಂದವು. ಪಾನ ಹಾಕಿ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬಿಲ್ಲೆಯ ಕೆಳಗೆ ಕಾಫಿ ಸಿಪ್ಪೆಯ ಚೂರೊಂದು ಸಿಕ್ಕಿಕೊಂಡಿತ್ತು. ತೊಳೆದು ಕೂರಿಸಿದ ಮೇಲೆ ನಿಂತಿದೆ. ಒತ್ತಡವನ್ನು 180ಕ್ಕೆ ಏರಿಸಿದಾಗ ತಳದ ಕುಸಿತವೂ ಅರ್ಧಕ್ಕರ್ಧ ಕಡಿಮೆಯಾಯಿತು, ಆದ್ದರಿಂದ ಸದ್ಯಕ್ಕೆ ಪ್ಲೈವುಡ್ ಬಿಟ್ಟು ಚೌಕ ಪೈಪಿನ ಉಪಾಯವನ್ನೇ ಮಾಡುತ್ತೇನೆ. ಕೊಂಡಿಯನ್ನು ಅಂಟಿಸಲು ಕಣ ಖಾಲಿಯಾಗುವುದನ್ನು ಕಾಯುತ್ತಿದ್ದೇನೆ.