ಹೊಲಿಗೆ ಕಲಿಯೋ ಮಗಳಿಗೆ ಮೊದಲು ಏನೇನು ಬೇಕು?

ಪ್ರಶ್ನೆ: ಮಗಳಿಗೆ 14 ವರ್ಷ, ತನ್ನ ಬಟ್ಟೆ ತಾನೇ ಹೊಲಿಯೋ ಆಸೆ. ಮಷಿನ್ ಇದೆ. ಜೊತೆಗೆ ರೆಡಿ ಕಿಟ್ ತಂದ್ರೆ ಸಾಕಾ?

ಉತ್ತರ 1: ಕಿಟ್ ಬೇಡ. ಅದರಲ್ಲಿನ ಕತ್ತರಿ ಸಾಮಾನ್ಯವಾಗಿ ದಾರ ಕತ್ತರಿಸೋಕಷ್ಟೇ ಸರಿ. ದುಡ್ಡನ್ನ 8–9 ಇಂಚಿನ ಒಳ್ಳೆ ಬಟ್ಟೆ ಕತ್ತರಿಗೆ ಹಾಕಿ. ಅದರಲ್ಲಿ ಕಾಗದ ಮುಟ್ಟಿಸಲೇಬಾರದು, ಬಾಯಿ ಮೊಂಡಾಗಿ ಬಟ್ಟೆ ಜಗಿಯುತ್ತೆ. ಆಮೇಲೆ ಟೇಪು, ಚಾಕ್, ಗುಂಡುಸೂಜಿ, ಪಾಲಿಸ್ಟರ್ ದಾರ. ಹೊಲಿಗೆ ಬಿಚ್ಚೋ ಪುಟ್ಟ ಸಾಧನ, ಸೀಮ್ ರಿಪ್ಪರ್, ಖಂಡಿತ ಇರಲಿ. ಕಲಿಯುವಾಗ ಹೊಲಿದಷ್ಟೇ ಬಿಚ್ಚೋದೂ ಇರುತ್ತೆ.

ಉತ್ತರ 2: ಮಷಿನ್ ಸೂಜಿ ಸೇರಿಸಿ. ತೆಳು ಕಾಟನ್‌ಗೆ 11 ನಂಬರ್, ಮಧ್ಯಮ ದಪ್ಪಕ್ಕೆ 14. ಟೀ ಶರ್ಟ್ ಬಟ್ಟೆಗೆ ತುದಿ ದುಂಡಗಿರೋ ಬಾಲ್‌ಪಾಯಿಂಟ್ ಸೂಜಿ, ಇಲ್ಲಾಂದ್ರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ. ಬಾಬಿನ್ (ಕೆಳಗಿನ ದಾರ ಸುತ್ತೋ ಪುಟ್ಟ ಉರುಳೆ) ಅದೇ ಮಷಿನ್ನಿನದ್ದೇ ಆಗಬೇಕು. ಬಟ್ಟೆ ಕೆಳಗೆ ದಾರ ಗೋಜಲಾದ್ರೆ ಎಲ್ಲರೂ ಬಾಬಿನ್ ನೋಡ್ತಾರೆ, ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಟ್ಟೆ ಒತ್ತಿ ಹಿಡಿಯೋ ಪ್ರೆಸರ್ ಫೂಟ್ ಎತ್ತಿಟ್ಟೇ ದಾರ ಪೋಣಿಸಲಿ. ಇಳಿಸಿದ್ರೆ ದಾರದ ಎಳೆತ ಹಿಡಿಯೋ ಟೆನ್ಷನ್ ಬಿಲ್ಲೆಗಳು ಬಿಗಿದಿರುತ್ತೆ, ದಾರ ನಡುವೆ ಕೂರಲ್ಲ.

ಪ್ರಶ್ನೆ ಕೇಳಿದವರು: ಮೊದಲಿಗೆ ಯಾವ ಬಟ್ಟೆ ಕೊಡಲಿ? ಸ್ಯಾಟಿನ್ ಕೇಳ್ತಿದ್ದಾಳೆ.

ಉತ್ತರ 3: ಸ್ಯಾಟಿನ್ ಜಾರುತ್ತೆ, ಈಗಲೇ ಬೇಡ. ಜಾರದ ಕಾಟನ್ ಪಾಪ್ಲಿನ್ ಬಟ್ಟೆ ಕೊಡಿ, ಎಲಾಸ್ಟಿಕ್ ಸ್ಕರ್ಟ್ ಹೊಲಿಯಲಿ. ಕತ್ತರಿಸೋ ಮುಂಚೆ ಒಗೆದು ಒಣಗಿಸಿ, ಆಮೇಲೆ ಕುಗ್ಗೋದು ತಪ್ಪುತ್ತೆ. ಪ್ರತಿ ಹೊಲಿಗೆ ಆದಮೇಲೂ ಇಸ್ತ್ರಿ ಹಾಕಲಿ.